ಬೂದಿ ಆಲ್ಬಮ್ಮಿನ ಗಂಟೆ

ನನಗೆ ಮೊದಲು ಅನುಮಾನ ಹುಟ್ಟಿದ್ದು ಗಂಟೆಯ ಸದ್ದಿನ ವಿಷಯದಲ್ಲಿ. ಹೋದ ವರ್ಷ ಒಂದು ಅಮಾವಾಸ್ಯೆಯ ಬೆಳಗ್ಗೆ ಕಲ್ಯಾಣದುರ್ಗದಿಂದ ಭಾವ ಫೋನ್ ಮಾಡಿದ. ನಾವಿಬ್ಬರೂ ಹುಡುಗರಾಗಿದ್ದಾಗಿನಿಂದ ಕೇಳಿಕೊಂಡು ಬಂದ ಇಂಗ್ಲಿಷ್ ಬ್ಯಾಂಡೊಂದು ಎಷ್ಟೋ ವರ್ಷಗಳ ಮೇಲೆ ಹೊಸ ಆಲ್ಬಂ ಬಿಟ್ಟಿತ್ತು.

"ಕೇಳ್ದೇನ್ಲಾ? ಮೊದಲ್ನೇ ಪಾಟ ಗಂಟೆಯಿಂದ್ಲೇ ಸುರು ಆಯ್ತದೆ. ಎಂಗೈತೆ ಆ ಗಂಟೆ!"

ಹಿಂದೂಪುರದ ನಮ್ಮ ಮನೆಯ ಜಗಲಿಯಲ್ಲಿ ಕೂತು ನಾನು ಆ ಹಾಡನ್ನು ಆಗಲೇ ಕೇಳಿ ಮುಗಿಸಿದ್ದೆ. ಅದರಲ್ಲಿ ಡ್ರಮ್ಮು ಇತ್ತು, ಬೇಸ್ ಗಿಟಾರು ಇತ್ತು, ಮುದುಕನಾದ ಹಾಡುಗಾರನ ಗೊಗ್ಗರು ಗಂಟಲಿತ್ತು. ಗಂಟೆ ಇರಲಿಲ್ಲ.

"ಯಾವ್ ಗಂಟೆ ಭಾವಾ?"

"ಅದೇ ಕಣ್ಲಾ, ಸಣ್ಣಗೆ, ದೂರದಿಂದ. ಪಾಟ ಪೂರ್ತಿ ಆಗಾಗ ಬತ್ತಾ ಇರ್ತದೆ."

"ಇಲ್ಲ."

"ಐತೆ ಕಣಪ್ಪ!"

ಫೋನ್ ಇಟ್ಟು ಮತ್ತೆ ಕೇಳಿದೆ. ಇಲ್ಲವೇ ಇಲ್ಲ. ಈ ಮನುಷ್ಯ ನನ್ನ ಕಿವಿಗೆ ಹೂ ಇಡುತ್ತಿದ್ದಾನೆ ಅನ್ನಿಸಿತು.

ನಾನು ಹುಟ್ಟಾ ಅನುಮಾನದ ಮನುಷ್ಯ, ಅದನ್ನು ಮುಚ್ಚಿಡುವುದಿಲ್ಲ. ಹಾಲಿನವನು ಬಂದರೆ ಬೆರಳದ್ದಿ ನೋಡುತ್ತೇನೆ. ಬಸ್ಸಿನಲ್ಲಿ ಪಕ್ಕದವನು ಹೆಗಲ ಮೇಲೆ ಒರಗಿ ನಿದ್ದೆ ಹೋದರೆ ನಿಜವಾದ ನಿದ್ದೆಯೋ ನಾಟಕವೋ ಎಂದು ಗಮನಿಸುತ್ತೇನೆ. ಯಾರಾದರೂ ನನ್ನನ್ನು ಹೊಗಳಿದರಂತೂ ಆ ದಿನ ಊಟ ಸೇರುವುದಿಲ್ಲ. ಆದರೆ ಭಾವನ ಮೇಲೆ ಅನುಮಾನ ಪಟ್ಟದ್ದು ಅದೇ ಮೊದಲು. ಅದರಿಂದ ನನಗೇ ಭಯವಾಯಿತು.

ಭಯಕ್ಕೆ ಕಾರಣವಿತ್ತು. ಭಾವ ಅಂದರೆ ನನ್ನ ಅಕ್ಕನ ಗಂಡ. ಅದಕ್ಕೂ ಮುಂಚೆ ನಮ್ಮ ಬೀದಿಯ ಹುಡುಗ, ನನಗಿಂತ ಸ್ವಲ್ಪ ದೊಡ್ಡವನು, ನನ್ನ ಹಾಗೇ ಮಗ್ಗದ ಮನೆಯಲ್ಲಿ ಹುಟ್ಟಿದವನು. ಮದುವೆಯಾದ ಮೇಲೆ ನೇಯ್ಗೆ ಬಿಟ್ಟು ಕಲ್ಯಾಣದುರ್ಗಕ್ಕೆ ಹೋಗಿ ಕ್ಯಾಸೆಟ್ ಅಂಗಡಿ ಇಟ್ಟ. ಕ್ಯಾಸೆಟ್ ಹೋಗಿ ಸಿಡಿ ಬಂತು, ಸಿಡಿ ಹೋಗಿ ಈಗ ಮೊಬೈಲ್ ಕವರು, ಚಾರ್ಜರು ಮಾರುತ್ತಾನೆ. ಅಕ್ಕ ತೀರಿಕೊಂಡು ಕೆಲವು ವರ್ಷಗಳಾದವು. ಅವರಿಗೆ ಮಕ್ಕಳಿರಲಿಲ್ಲ. ಅಕ್ಕ ಹೋದ ಮೇಲೆ ನೆಂಟಸ್ತನ ಮೆಲ್ಲಗೆ ಸವೆಯಿತು. ಹಬ್ಬಕ್ಕೆ ಹೋಗಿಬರುವುದು ನಿಂತಿತು. ಉಳಿದದ್ದು ಅಮಾವಾಸ್ಯೆಯ ಫೋನು ಮಾತ್ರ. ಇಬ್ಬರೂ ಅವರವರ ಊರಲ್ಲಿ ಕೂತು ಆ ಬ್ಯಾಂಡಿನ ಒಂದು ಆಲ್ಬಂ ಕೇಳುವುದು, ಆಮೇಲೆ ಅದರ ಬಗ್ಗೆ ಜಗಳವಾಡುವುದು. ಬ್ಯಾಂಡು ಬಿಟ್ಟರೆ ನಮಗೆ ಬೇರೆ ಮಾತಿರಲಿಲ್ಲ. ಅಕ್ಕನ ವಿಷಯ ಇಬ್ಬರೂ ಎತ್ತುತ್ತಿರಲಿಲ್ಲ. ಈ ಬ್ಯಾಂಡಿನಲ್ಲಿ ನಂಬಿಕೆ ಹೋದರೆ ಭಾವನೂ ಕೈತಪ್ಪಿ ಹೋಗುತ್ತಾನೆ ಎಂದು ನನಗೆ ಗೊತ್ತಿತ್ತು.

ಅಮಾವಾಸ್ಯೆಯೇ ಯಾಕೆ ಅಂದರೆ, ನಮ್ಮ ಬೀದಿಗೆ ಅದೇ ರಜೆ. ಭಾನುವಾರ ಊರಿಗೆಲ್ಲ. ನಮಗೆ ಅಮಾವಾಸ್ಯೆಯ ದಿನ ಮಗ್ಗಕ್ಕೆ ಕುಂಕುಮ ಇಟ್ಟು, ಊದಿನಕಡ್ಡಿ ಹಚ್ಚಿ, ಆಮೇಲೆ ಸ್ವಿಚ್ಚು ಮುಟ್ಟುವಂತಿಲ್ಲ. ಉಳಿದ ದಿನವೆಲ್ಲ ಮನೆಮನೆಯಲ್ಲೂ ಪವರ್‌ಲೂಮ್ ಹೊಡೆಯುತ್ತಿರುತ್ತದೆ. ಹೊಸದಾಗಿ ಬಂದವರು ಬೀದಿಯ ತಿರುವಿನಲ್ಲೇ ಕಿವಿ ಮುಚ್ಚಿಕೊಳ್ಳುತ್ತಾರೆ. ನಾವು ಆ ಸದ್ದಿನಲ್ಲೇ ತೊಟ್ಟಿಲಲ್ಲಿ ಮಲಗಿದವರು, ಅದು ನಿಂತರೇ ನಮಗೆ ಎಚ್ಚರವಾಗುತ್ತದೆ. ಹಾಡು ಕೇಳಬೇಕೆಂದರೆ ತಿಂಗಳಿಗೊಮ್ಮೆ ಬರುವ ಆ ಕತ್ತಲ ದಿನವೇ ಗತಿ.

ಮೊದಲ ಕ್ಯಾಸೆಟ್ಟನ್ನು ಭಾವ ಬೆಂಗಳೂರಿನ ಫುಟ್‌ಪಾತಿನಲ್ಲಿ ಹಿಡಿದು ತಂದ. ಸೀರೆಯ ಗಂಟು ಕೊಟ್ಟು ಬರಲು ಅವನ ಅಪ್ಪನ ಜೊತೆ ರೈಲಿನಲ್ಲಿ ಹೋಗಿದ್ದ. ಡಬ್ಬಿಯ ಮೇಲಿನ ಅಟ್ಟೆ ಪೂರ್ತಿ ಕಪ್ಪು, ನಡುವೆ ಒಂದು ತುಕ್ಕು ಹಿಡಿದ ಬೀಗ. ಮೇಲಿನ ಇಂಗ್ಲಿಷ್ ಅಕ್ಷರಗಳು ಜಾಲಿಮುಳ್ಳಿನ ಹಾಗೆ ಒಂದಕ್ಕೊಂದು ಸಿಕ್ಕಿಕೊಂಡು, ಓದಲು ಬರುತ್ತಿರಲಿಲ್ಲ. ನಾವು ಅದನ್ನು 'ಬೀಗ' ಅಂದೆವು. ಮುಂದೆ ಬಂದ ಆಲ್ಬಮ್ಮುಗಳಿಗೂ ಅಟ್ಟೆಯ ಚಿತ್ರ ನೋಡಿಯೇ ಹೆಸರಿಟ್ಟೆವು. ಇದಕ್ಕೆ ಗಾಥಿಕ್ ರಾಕ್ ಎನ್ನುತ್ತಾರೆ ಎಂದು ತಿಳಿದದ್ದು ಎಷ್ಟೋ ಕಾಲದ ಮೇಲೆ.

'ಬೀಗ'ದಲ್ಲಿ ಹಾಡುಗಾರ ಬಾವಿಯೊಳಗಿಂದ ಗೊಣಗುತ್ತಾನೆ. ಬೇಸ್ ಗಿಟಾರು ಮುಂದೆ ನಡೆಯುತ್ತದೆ, ಉಳಿದವು ಅದರ ಹಿಂದೆ. ಡ್ರಮ್ಮು ಮಾತ್ರ ಬೇರೆ ಥರ, ಒಂದು ಏಟೂ ಹೆಚ್ಚುಕಮ್ಮಿ ಇಲ್ಲ. ಭಾವ ಎರಡನೇ ಅಮಾವಾಸ್ಯೆಗೇ ಕಂಡುಹಿಡಿದುಬಿಟ್ಟ.

"ಇದು ಮನ್ಸ ಬಾರ್ಸಿದ್ದಲ್ಲ ಕಣ್ಲಾ. ಮಿಸೀನು!"

ನನಗೆ ಎಷ್ಟು ಖುಷಿಯಾಯಿತೆಂದರೆ ಎದ್ದು ಕುಣಿದೆ. ಎಲ್ಲೋ ಸಮುದ್ರದಾಚೆಯ ಬಿಳಿ ಹುಡುಗರು ನಮ್ಮ ಮನೆಯ ಸದ್ದಿನ ಮೇಲೆ ಹಾಡು ಕಟ್ಟಿದ್ದರು. ಆ ಸದ್ದಿನ ಮೇಲೆ ಒಂದು ತೆಳು ಗಿಟಾರು, ಬಳೆಗಾರ ಬಳೆಯ ಸರ ಅಲ್ಲಾಡಿಸಿದ ಹಾಗೆ, ಹಾಡಿನ ಉದ್ದಕ್ಕೂ ಕಿಣಿಕಿಣಿ ಎನ್ನುತ್ತಿತ್ತು. ಅದನ್ನು ಕೇಳಿದರೆ ನನಗೆ ಹೊಟ್ಟೆಯೊಳಗೆ ತಣ್ಣಗಾಗುತ್ತಿತ್ತು. ನಾನು ಸೋತದ್ದು ಆ ಗಿಟಾರಿಗೆ.

ಬೀದಿಯವರು ನಮ್ಮನ್ನು ಸುಮ್ಮನೆ ಬಿಡಲಿಲ್ಲ. ಅಮಾವಾಸ್ಯೆ ಬಂದರೆ ಇಬ್ಬರು ಹುಡುಗರು ಬಾಗಿಲು ಹಾಕಿಕೊಳ್ಳುತ್ತಾರೆ, ಒಳಗಿಂದ ಯಾವನೋ ನರಳುತ್ತಾನೆ, ಕೈಯಲ್ಲಿ ಕಪ್ಪು ಡಬ್ಬಿ. ಇನ್ನೇನು ಬೇಕು? ನಮ್ಮಜ್ಜಿ ಬಾಗಿಲಿಗೆ ನಿಂಬೆಹಣ್ಣು ಕಟ್ಟಿದಳು. ಅಪ್ಪ ಕಿಟಕಿಯಿಂದ ಇಣುಕಿ ತೆಲುಗು ಬೆರೆಸಿ, "ಏಮಿರಾ ಇದಿ, ಸಾವಿನ ಮನೆ ಪಾಟಾನಾ?" ಅಂದರು. ಅಕ್ಕ ಒಬ್ಬಳೇ ಒಳಗೆ ಬಂದು ಕೂತು, ಕೇಳಿ, "ಪರವಾಗಿಲ್ಲ, ಆದ್ರೆ ಆವಯ್ಯಂಗೆ ಒಂದ್ಲೋಟ ಕಷಾಯ ಕೊಡ್ಬೇಕು" ಅಂದಳು. ಭಾವ ನಕ್ಕ. ಅವರ ಮದುವೆಯ ಮಾತು ಅಲ್ಲಿಂದಲೇ ಶುರುವಾಯಿತೆಂದು ನನ್ನ ಅನುಮಾನ.

ಎರಡನೆಯದು 'ಮೊಂಬತ್ತಿ'. ಅದರಲ್ಲಿ ಚರ್ಚಿನ ಆರ್ಗನ್ ಬಂತು, ಹಾಡುಗಳು ಉದ್ದವಾದವು, ನಡಿಗೆ ನಿಧಾನವಾಯಿತು. ಭಾವನಿಗೆ ಅದೆಂದರೆ ಪ್ರಾಣ. ರಾಗ ಹೊಳೆಯದೆ ಆರ್ಗನ್ ಒತ್ತಿ ಜಾಗ ತುಂಬಿಸಿದ್ದಾರೆ ಎಂದು ನಾನು. ಮೂರನೆಯದು 'ಕಾಗೆ'. ಅದರಲ್ಲಿ ಮಿಸೀನನ್ನು ಕೆಲಸದಿಂದ ತೆಗೆದು, ನಿಜವಾದ ಡ್ರಮ್ಮರನ್ನು ಕೂರಿಸಿದರು. ಹಾಡುಗಾರ ಗೊಣಗುವುದು ಬಿಟ್ಟು ಬಾಯಿ ಬಿಟ್ಟು ಹಾಡಿದ. ಪಿಟೀಲು ಸೇರಿತು. ಎಲ್ಲರೂ ಅದನ್ನೇ ಅವರ ಅತ್ಯುತ್ತಮ ಅನ್ನುತ್ತಾರಂತೆ. ನನಗೆ ಮೋಸವಾದಂತೆ ಆಯಿತು. ನಮ್ಮ ಬೀದಿಯನ್ನು ಬಿಟ್ಟು ದೊಡ್ಡವರ ಸಹವಾಸ ಮಾಡಿದರು ಎಂದು ತಿಂಗಳುಗಟ್ಟಲೆ ಕೊರಗಿದೆ.

ನಾಲ್ಕನೆಯದು 'ಮದುವಣಗಿತ್ತಿ'. ಹಿಂದೆ ಹೆಂಗಸರ ಮೇಳ, ಮುಂದೆ ಕುಣಿಯುವಂಥ ಹಾಡು. ಇಬ್ಬರೂ ಸೇರಿ ಬೈದೆವು, ಇಬ್ಬರೂ ಕದ್ದು ಕೇಳಿದೆವು. ಅದಾದ ಮೇಲೆ ತೆಳು ಗಿಟಾರಿನವನು ಬ್ಯಾಂಡು ಬಿಟ್ಟು ಹೋದ. ಐದನೆಯದು 'ಮುಳ್ಳು'. ಅದರಲ್ಲಿ ಹೊಸ ಗಿಟಾರಿನವನು ಬಂದು ಗೋಡೆ ಬಿರಿಯುವ ಹಾಗೆ ಬಾರಿಸಿದ. ಆ ಆಲ್ಬಮ್ಮಿನಿಂದಲೇ ನನ್ನ ತಕರಾರು ಜೋರಾದದ್ದು. ಡ್ರಮ್ಮಿನ ಪಕ್ಕ ಕಂಚಿನ ತಟ್ಟೆ ಇರುತ್ತದಲ್ಲ, ಅದರ ಸದ್ದೇ ಸತ್ತಿದೆ ಎಂದೆ. ಅಗ್ಗದ ಸ್ಟುಡಿಯೋಗೆ ಹೋಗಿದ್ದಾರೆ, ಕೇಳುವವರು ಪೆದ್ದರು ಅಂದುಕೊಂಡಿದ್ದಾರೆ ಎಂದು ರೇಗಾಡಿದೆ. "ಐತಲ್ಲೋ" ಎಂದ ಭಾವ. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಮೇಲೆ ಬ್ಯಾಂಡು ಒಡೆಯಿತು. ಬಹಳ ಕಾಲ ಏನೂ ಇಲ್ಲ. ಮತ್ತೆ ಒಂದಾಗಿ 'ಖಾಲಿ' ತಂದರು. ಅಟ್ಟೆಯ ಮೇಲೆ ಚಿತ್ರವೇ ಇಲ್ಲ, ಬರೀ ಕಪ್ಪು. ಡ್ರಮ್ಮು ಇದ್ದೂ ಇಲ್ಲದ ಹಾಗೆ, ಕೀಬೋರ್ಡು ಮಂಜಿನಂತೆ, ಹಾಡುಗಾರ ಪಿಸುಗುಟ್ಟುತ್ತಾನೆ. ಈ ಮನುಷ್ಯ ಅರ್ಧ ಅಕ್ಷರ ನುಂಗುತ್ತಿದ್ದಾನೆ, ಒಂದು ಮಾತೂ ತಿಳಿಯುವುದಿಲ್ಲ ಎಂದೆ.

"ಯಾವಾಗ್ ತಿಳಿಯೋ ಅಂಗೆ ಹಾಡಿದ್ದ ಅವ್ನು?" ಅಂದ ಭಾವ.

ಈಗ ಈ ಏಳನೆಯದು. ಅಟ್ಟೆ ಬೂದು ಬಣ್ಣ, ಅದಕ್ಕೇ 'ಬೂದಿ'. ಅದರಲ್ಲಿ ಇಲ್ಲದ ಗಂಟೆ.

ಒಂದೊಂದಾಗಿ ಎಲ್ಲದರ ಮೇಲೂ ಅನುಮಾನ ಪಟ್ಟೆ. ಮೊದಲು ನನ್ನ ಫೋನಿನ ಮೇಲೆ. ಮಗಳ ಫೋನಿನಲ್ಲಿ ಹಾಕಿ ಕೇಳಿದೆ, ಗಂಟೆ ಇಲ್ಲ. ಆಮೇಲೆ ಇಯರ್‌ಫೋನಿನ ಮೇಲೆ. ಹೊಸದು ತಂದೆ, ಇಲ್ಲ. ಆಮೇಲೆ ಕಂಪನಿಯವರ ಮೇಲೆ. ಕಲ್ಯಾಣದುರ್ಗಕ್ಕೆ ಒಂದು ಥರ, ಹಿಂದೂಪುರಕ್ಕೆ ಒಂದು ಥರ ಹಾಡು ಕಳಿಸುತ್ತಾರೆಯೇ? ಯಾರನ್ನು ನಂಬುವುದು ಈ ಕಾಲದಲ್ಲಿ? ಕೊನೆಗೆ ಉಳಿದವನು ಭಾವ. ಒಂಟಿ ಮನುಷ್ಯ, ವಯಸ್ಸಾಗಿದೆ. ಇಲ್ಲದ್ದನ್ನು ಕೇಳಿಸಿಕೊಳ್ಳುತ್ತಿದ್ದಾನೆಯೇ? ಅಥವಾ ನನ್ನನ್ನು ದೂರ ಮಾಡಲು ಇದೊಂದು ನೆಪವೇ? ಮುಂದಿನ ಅಮಾವಾಸ್ಯೆಗೆ ಅವನು ಫೋನ್ ಮಾಡಿದಾಗ ಮತ್ತೆ ಗಂಟೆಯ ಮಾತೆತ್ತಿದ. ನಾನು ಚುಚ್ಚಿದೆ. ಅವನು, "ಪೋನೀಲೇರಾ, ಬಿಟ್ಬುಡು" ಎಂದ. ಅದರ ಮುಂದಿನ ಅಮಾವಾಸ್ಯೆಗೆ ಫೋನ್ ಬರಲಿಲ್ಲ. ನಾನೂ ಮಾಡಲಿಲ್ಲ. ಆ ದಿನ ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯ್ದೆ.

ಇನ್ನೊಂದು ಅಮಾವಾಸ್ಯೆ ಸುಮ್ಮನೆ ಕಳೆಯಲು ನನ್ನಿಂದಾಗಲಿಲ್ಲ. ಬೀರುವಿನಿಂದ 'ಬೀಗ'ದ ಹಳೇ ಕ್ಯಾಸೆಟ್ಟು ತೆಗೆದು, ಬ್ಲೌಸ್ ಪೀಸಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಂಡು ಬೆಳಗಿನ ಬಸ್ಸು ಹತ್ತಿದೆ. ನಮ್ಮ ಟೇಪ್ ರೆಕಾರ್ಡರು ಕೆಟ್ಟು ಎಷ್ಟೋ ವರ್ಷವಾಗಿತ್ತು. 'ಬೀಗ' ಕೇಳಲು ನನಗೆ ಟೇಪ್ ಬೇಕಿರಲಿಲ್ಲ, ಅದು ಬಾಯಿಪಾಠ. ಆದರೆ ಭಾವನ ಅಂಗಡಿಯ ಹಿಂದಿನ ಕೋಣೆಯಲ್ಲಿ ಒಳ್ಳೆಯ ಟೇಪ್ ಡೆಕ್ಕು, ಎರಡು ದೊಡ್ಡ ಸ್ಪೀಕರ್ ಬಾಕ್ಸುಗಳು ಇನ್ನೂ ಇವೆ. ಅಲ್ಲೇ ಅವನನ್ನು ಪರೀಕ್ಷೆ ಮಾಡುವುದೆಂದು ತೀರ್ಮಾನಿಸಿದ್ದೆ. ಪಾವಗಡದಲ್ಲಿ ಬಸ್ಸು ಬದಲಿಸುವಾಗ ಇಳಿದು ವಾಪಸ್ಸು ಹೋಗಿಬಿಡಲೇ ಎಂದೂ ಅನ್ನಿಸಿತು.

ಭಾವ ನನ್ನನ್ನು ನೋಡಿ ಹಿಂದಿನ ಕೋಣೆಯ ಬಾಗಿಲು ತೆಗೆದ. "ಬಾರ್ಲಾ" ಅಂದು ಪಕ್ಕದ ಹೋಟೆಲಿನಿಂದ ಟೀ ತರಿಸಿದ. ಗೋಡೆಯ ಮೇಲೆ ಅಕ್ಕನ ಫೋಟೋ, ಅದಕ್ಕೆ ಹೊಸ ಮಲ್ಲಿಗೆ.

ನಾನು ಟೀ ಕುಡಿದು ಮುಗಿಸುವುದಕ್ಕೂ ಕಾಯಲಿಲ್ಲ. ಅವನನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿದೆ. 'ಬೂದಿ'ಯ ಮೊದಲ ಹಾಡು ಹಾಕಿ, ಗಂಟೆ ಬಂದಾಗಲೆಲ್ಲ ಕೈ ಎತ್ತು ಎಂದೆ. ಅವನು ನಗುತ್ತಾ ಎತ್ತಿದ. ನಾನು ಫೋನಿನ ಪರದೆಯ ಮೇಲೆ ಎಲ್ಲೆಲ್ಲಿ ಎಂದು ನೋಡಿಟ್ಟುಕೊಂಡೆ. ಆಮೇಲೆ ಹೇಳದೆ ಕೇಳದೆ ಹಾಡಿನ ನಡುವಿನಿಂದ ಹಾಕಿದೆ. ಮತ್ತೆ ಅದೇ ಜಾಗಗಳಲ್ಲಿ ಕೈ ಎದ್ದಿತು. ಬಾಯಿಪಾಠ ಮಾಡಿಕೊಂಡಿದ್ದಾನೆ ಎಂದುಕೊಂಡೆ. ಅನುಮಾನಕ್ಕೆ ಅಷ್ಟು ಸುಲಭವಾಗಿ ಸುಸ್ತಾಗುವುದಿಲ್ಲ.

"ಇದ್ ಬಿಡು. ನಮ್ ಬೀಗ ಹಾಕು. ಒಂದು ಬ್ಯಾಂಡು ಎಂಗಿರ್ಬೇಕು ಅಂತ ಕೇಳು" ಎಂದು ಕ್ಯಾಸೆಟ್ಟು ಕೊಟ್ಟೆ.

ಮಿಸೀನಿನ ಡ್ರಮ್ಮು ಶುರುವಾಯಿತು. ಬೇಸ್ ಬಂತು. ನಾನು ಕಣ್ಣು ಮುಚ್ಚಿ ಆ ಬಳೆಯ ಸದ್ದಿಗೆ ಕಾದೆ. ಬರಲಿಲ್ಲ. ಹಾಡುಗಾರ ಗೊಣಗಲು ಶುರು ಮಾಡಿದ, ಇನ್ನೂ ಬರಲಿಲ್ಲ. ಡ್ರಮ್ಮು, ಬೇಸು, ಗೊಣಗು, ಅಷ್ಟೇ.

"ಗಿಟಾರೆಲ್ಲಿ? ಯಾರ್ ತೆಗೆದಿದ್ದು ಗಿಟಾರ್‌ನ? ನಿನ್ ಬಾಕ್ಸ್ ಕೆಟ್ಟೋಗೈತೆ ಭಾವಾ!"

ಭಾವ ನನ್ನನ್ನೇ ನೋಡಿದ. ಆಮೇಲೆ ಎದ್ದು, ಡೆಕ್ಕಿನ ಪಕ್ಕದಿಂದ ಹಾದು, ಗೋಡೆಯ ಕಡೆ ತಿರುಗಿ, ಅಕ್ಕನ ಫೋಟೋದ ಹೂವು ಸರಿ ಮಾಡುತ್ತಾ ನಿಂತ. ಸ್ವಲ್ಪ ಹೊತ್ತಿನ ಮೇಲೆ ತಿರುಗಿದ. ಅವನ ಮುಖ ಸಪ್ಪಗಿತ್ತು.

"ಗ್ವಾಡೆ ಕಡೀಕ್ ತಿರ್ಗಿ ನಿನ್ನ ಕೂಗ್ದೆ ಕಣ್ಲಾ. ಮೆಲ್ಲುಕ್ಕೆ, ಎಲ್ಡ್ ಮೂರ್ ಕಿತ. ನೀನ್ ಅಲುಗ್ನಿಲ್ಲ."

"ಪಾಟ ಓಡ್ತಾ ಐತಲ್ಲ!"

"ಪಾಟ ನಿಲ್ಸಿದ್ ಮ್ಯಾಲೆ ಕೂಗಿದ್ದು."

ನಾನು ಡೆಕ್ಕಿನ ಕಡೆ ನೋಡಿದೆ. ಕ್ಯಾಸೆಟ್ಟು ತಿರುಗುತ್ತಿರಲಿಲ್ಲ. ಬಾಯಿಪಾಠವಾದ ಆ ಡ್ರಮ್ಮು ನನ್ನ ತಲೆಯೊಳಗೆ ಮಾತ್ರ ಇನ್ನೂ ಹೊಡೆಯುತ್ತಿತ್ತು.

ಮಗ್ಗದ ಮನೆಯವರಿಗೆ ಮಾತ್ರ ಆಗುವ ತಪ್ಪು ಇದು. ಆ ಸದ್ದಿನಲ್ಲಿ ಬಾಯಿಂದ ಮಾತು ಹೊರಟರೂ ಕಿವಿಗೆ ಬೀಳುವುದಿಲ್ಲ. ಅದಕ್ಕೇ ನಾವು ಚಿಕ್ಕಂದಿನಿಂದ ತುಟಿ ನೋಡಿ ಮಾತು ತಿಳಿಯುತ್ತೇವೆ, ಉಳಿದದ್ದಕ್ಕೆ ಕೈ. ಮುಷ್ಟಿ ಹಿಡಿದರೆ ಮಗ್ಗ ನಿಲ್ಲಿಸು. ಎರಡು ಬೆರಳು ಜೋಡಿಸಿ ಪಟ್ಟನೆ ಬಿಡಿಸಿದರೆ ಎಳೆ ಕಡಿದಿದೆ. ಮಗ್ಗ ನಿಂತ ಮೇಲೂ ಅದೇ ಅಭ್ಯಾಸ, ಎದುರು ಬಂದು ಮುಖ ನೋಡಿ, ಜೋರಾಗಿ ಮಾತಾಡುತ್ತೇವೆ, ಫೋನಿನಲ್ಲೂ ಕಿರುಚುತ್ತೇವೆ. ಹಾಗಾಗಿ ಯಾರ ಕಿವಿ ಎಷ್ಟು ಹೋಗಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ, ಅವರಿಗೂ ಗೊತ್ತಾಗುವುದಿಲ್ಲ. ಊರಿನ ಎಲ್ಲರ ಮೇಲೆ ಅನುಮಾನ ಪಟ್ಟ ನಾನು ನನ್ನ ಕಿವಿಯೊಂದನ್ನು ನಂಬಿಕೊಂಡು ಕೂತಿದ್ದೆ.

"ನಮ್ಮಪ್ಪಂಗೂ ಇಂಗೇ ಆಗಿತ್ತು. ಮೊದ್ಲು ಸಣ್ ಸದ್ದು ಹೋಯ್ತದೆ, ಗುಬ್ಬಚ್ಚಿ, ಗೆಜ್ಜೆ, ಅಂತಾವು" ಎಂದ ಭಾವ, ನನ್ನೆದುರು ಕೂತು, ತುಟಿ ಕಾಣುವ ಹಾಗೆ.

ನನಗೆ ಮೈಯೆಲ್ಲ ಉರಿಯಿತು. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳುವುದೋ ತಿಳಿಯಲಿಲ್ಲ. ಮಗ್ಗ ನನ್ನ ಮನೆಯವರಿಗೆಲ್ಲ ಅನ್ನ ಹಾಕಿದೆ. ಅದನ್ನು ಬೈಯಲು ಬಾಯಿ ಬರಲಿಲ್ಲ. ಅಲ್ಲೇ ಕೂತು ಅವನನ್ನು ಒಂದೊಂದೇ ಕೇಳಿದೆ. 'ಮುಳ್ಳು' ಆಲ್ಬಮ್ಮಿನಲ್ಲಿ ಕಂಚಿನ ತಟ್ಟೆ ಇತ್ತೇ? ಇತ್ತು. 'ಖಾಲಿ'ಯಲ್ಲಿ ಅವನು ಅಕ್ಷರ ನುಂಗಿದ್ದನೇ? ಇಲ್ಲ, ನೆಟ್ಟಗೆ ಹಾಡಿದ್ದ. 'ಕಾಗೆ'ಯಲ್ಲಿ ಮಿಸೀನು ತೆಗೆದದ್ದಾದರೂ ನಿಜವೇ? ನಿಜ ಕಣ್ಲಾ, ಅದು ಅವರೇ ಮಾಡಿದ್ದು. ಇಷ್ಟು ವರ್ಷ ಆ ಬ್ಯಾಂಡು ಹೇಗೆ ಬದಲಾಯಿತು ಎಂದು ನಾನು ವಾದ ಮಾಡಿದ್ದರಲ್ಲಿ ಅವರು ಬದಲಾದದ್ದು ಎಷ್ಟು, ನಾನು ಬದಲಾದದ್ದು ಎಷ್ಟು ಎಂದು ಬಿಡಿಸುವುದು ಈಗ ನನ್ನ ಕೈಯಲ್ಲಿಲ್ಲ. ಅದಕ್ಕೆ ಭಾವನೇ ಬೇಕು.

ಹಿಂದೂಪುರಕ್ಕೆ ಬಂದು ಕಿವಿ ಡಾಕ್ಟರ ಹತ್ತಿರ ಹೋದೆ. ಅವರು ತಲೆಗೆ ಹೆಡ್‌ಫೋನ್ ಹಾಕಿ, ಸದ್ದು ಕೇಳಿದಾಗ ಬೆರಳೆತ್ತಲು ಹೇಳಿದರು. ಬಹಳ ಹೊತ್ತು ನಾನು ಬೆರಳೆತ್ತಲಿಲ್ಲ. ಮಿಸೀನು ಆನ್ ಮಾಡಿದ್ದೀರಾ ಸಾರ್ ಎಂದು ಕೇಳಿದೆ. ಅವರು ಎದುರು ಬಂದು ನಿಂತು, ಮಗ್ಗದವರಲ್ಲಿ ಇದು ಹೊಸದಲ್ಲ, ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಿ ಎಂದರು. ಈಗ ಕಿವಿಗೆ ಬಿರಡೆಯಂಥದ್ದು ಹಾಕಿಕೊಂಡು ಮಗ್ಗಕ್ಕೆ ಕೂರುತ್ತೇನೆ. ಬೀದಿಯವರು ನಗುತ್ತಾರೆ. ಅವರ ಕಿವಿಗಳ ಮೇಲೂ ನನಗೆ ಈಗ ಅನುಮಾನವಿದೆ.

ಮುಂದಿನ ಅಮಾವಾಸ್ಯೆ ಬಂತು. ಬೆಳಗ್ಗೆ ಮಗ್ಗದ ಪೂಜೆ ಮುಗಿಸಿ ಜಗಲಿಯಲ್ಲಿ ಕೂತಿದ್ದೆ. ಇನ್ನು ಯಾಕೆ ಫೋನ್ ಮಾಡುತ್ತಾನೆ, ಅರ್ಧ ಕಿವಿಯವನ ಜೊತೆ ಏನು ಜಗಳ ಎಂದುಕೊಂಡಿದ್ದೆ. ಫೋನ್ ಬಂತು. ವೀಡಿಯೋ ಕಾಲ್. ಪರದೆಯ ಮೇಲೆ ಭಾವನ ಮುಖ, ಕೈ, ಹಿಂದೆ ಗೋಡೆಯ ಮೇಲೆ ಅಕ್ಕ.

"ಬೂದಿ ಹಾಕ್ತೀನಿ. ನನ್ ಕೈ ನೋಡ್ತಾ ಇರು" ಎಂದ, ತುಟಿ ಬಿಡಿಸಿ ಬಿಡಿಸಿ.

ಅವನು ಬಾಕ್ಸಿನಲ್ಲಿ ಹಾಡು ಹಾಕಿ, ಫೋನನ್ನು ಅದರ ಮುಂದೆ ಒರಗಿಸಿದ. ಫೋನಿನಲ್ಲಿ ಡ್ರಮ್ಮು ಬಂತು, ಬೇಸು ಬಂತು. ಭಾವ ಎರಡು ಬೆರಳು ಜೋಡಿಸಿ ಪಟ್ಟನೆ ಬಿಡಿಸಿದ. ಎಳೆ ಕಡಿದಿದೆ! ನಾನು ಅಭ್ಯಾಸದಂತೆ ಮಗ್ಗದ ಕಡೆ ತಿರುಗಿಬಿಟ್ಟೆ. ಆಮೇಲೆ ಅರ್ಥವಾಯಿತು. ಅದು ಗಂಟೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬೆರಳು ಬಿಡಿಸಿದ. ಮತ್ತೆ.

ನನ್ನ ಬುದ್ಧಿ ಎಲ್ಲಿ ಹೋಗುತ್ತದೆ? ಇವನು ನನ್ನ ಸಮಾಧಾನಕ್ಕೆ ಸುಮ್ಮನೆ ಕೈಯಾಡಿಸುತ್ತಿದ್ದರೆ? ಹೆಂಡತಿ ಬಾಗಿಲ ಹತ್ತಿರ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಈ ಬ್ಯಾಂಡೆಂದರೆ ಅವಳಿಗೆ ಮೊದಲಿನಿಂದ ಆಗದು. ನಾನು ಸನ್ನೆ ಮಾಡಿ ಅವಳನ್ನು ಫೋನಿನ ಹಿಂದೆ ಕೂರಿಸಿದೆ, ಭಾವನಿಗೆ ಅವಳು ಕಾಣದ ಹಾಗೆ, ಅವಳಿಗೆ ಪರದೆ ಕಾಣದ ಹಾಗೆ.

"ಗಂಟೆ ಕೇಳಿದ್ರೆ ಕೈ ಎತ್ತು" ಅಂದೆ.

"ಏನ್ ಉಚ್ಚು ಇಡೀತೋ ಇವರ್ಗೆ" ಅಂದಳು, ತುಟಿಯಲ್ಲೇ.

ನಾನು ಇಬ್ಬರನ್ನೂ ನೋಡುತ್ತಾ ಕೂತೆ. ಡ್ರಮ್ಮು ನಡೆಯುತ್ತಿತ್ತು. ಭಾವನ ಬೆರಳುಗಳು ಪಟ್ಟನೆ ಬಿಟ್ಟುಕೊಂಡವು. ಅದೇ ಕ್ಷಣಕ್ಕೆ, ಹುಣಸೆಯ ನಾರು ಅಂಟಿದ ಅವಳ ಕೈ ಮೇಲೆದ್ದಿತು.